ಈಜುಕೊಳದ ಪ್ಯಾನೆಲ್‌ನಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ: ಸೋರಿಕೆ ಹುಡುಕುವ ಕ್ರಮ

ಬೆಳಗಿನ ಜಾವ ಟೈಮರ್ ಪಂಪನ್ನು ಚಾಲೂ ಮಾಡುತ್ತದೆ. ನಿರ್ವಹಣೆಯವರು ಬಂದು ನೋಡುವಷ್ಟರಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಬಿದ್ದು ಸರಬರಾಜು ಕಡಿಯುವ ಸ್ವಿಚ್) ಬಿದ್ದಿರುತ್ತದೆ. ಎತ್ತಿದರೆ ನಿಲ್ಲುತ್ತದೆ, ಕೆಲವು ದಿನ ಸಂಜೆಯವರೆಗೂ ನಿಲ್ಲುತ್ತದೆ. ಮಳೆ ಬಂದ ಮರುದಿನ ಎತ್ತಿದ ಕೈ ತೆಗೆಯುವ ಮೊದಲೇ ಮತ್ತೆ ಬೀಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿರಲಿ, ಚಿಕ್ಕಮಗಳೂರು, ಕೊಡಗಿನ ಹೋಮ್‌ಸ್ಟೇಗಳಿರಲಿ, ಈಜುಕೊಳದ ಕಂಟ್ರೋಲ್ ಪ್ಯಾನೆಲ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಇದು. ಇದಕ್ಕೆ ಮಾಡುವ ರಿಪೇರಿಯೂ ಎಷ್ಟೋ ಕಡೆ ಒಂದೇ: ಆರ್‌ಸಿಸಿಬಿ ಕಳಚಿ ವೈರ್ ನೇರ ಕೊಡುವುದು, ಇಲ್ಲವೇ 30 ಮಿಲಿಆಂಪ್‌ನದನ್ನು ತೆಗೆದು 100 ಅಥವಾ 300 ಮಿಲಿಆಂಪ್‌ನದನ್ನು ಕೂರಿಸುವುದು. ಆಮೇಲೆ ಟ್ರಿಪ್ ಆಗುವುದಿಲ್ಲ. ಸೋರುತ್ತಿದ್ದ ಕರೆಂಟು ಮಾತ್ರ ಸೋರುತ್ತಲೇ ಇರುತ್ತದೆ, ಮಕ್ಕಳು ಇಳಿಯುವ ನೀರಿನ ಪಕ್ಕದಲ್ಲೇ.

2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಭಾಗದ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಸಾವಿಗೆ ಕರೆಂಟ್ ಶಾಕ್ ಕಾರಣವೆಂದು ತಿಳಿದ ಮೇಲೆ ನಿರ್ವಹಣೆಗೆ ಸಂಬಂಧಪಟ್ಟವರ ಬಂಧನವೂ ಆಯಿತು. ಈಜುಕೊಳದ ವೈರಿಂಗನ್ನು ಅಡುಗೆಮನೆಯ ವೈರಿಂಗಿನಂತೆ ನೋಡಬಾರದು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಈ ಬರಹದ ಉದ್ದಕ್ಕೂ ಒಂದೇ ಹಟವಿದೆ. ಆರ್‌ಸಿಸಿಬಿ ಬಿದ್ದರೆ ಅದು ನಿಜ ಹೇಳುತ್ತಿದೆ ಎಂದೇ ನಂಬಿ ಹುಡುಕಲು ಶುರುಮಾಡಿ. ಆರ್‌ಸಿಸಿಬಿಯೇ ಕೆಟ್ಟಿದೆ ಎಂಬ ಅನುಮಾನ ಕಟ್ಟಕಡೆಯದಾಗಿರಲಿ.

ಮೊದಲು ಜನ ಹೊರಗೆ

ಕಾರಣ ಸಿಗುವವರೆಗೆ ಈಜುಕೊಳಕ್ಕೆ ಬೀಗ ಹಾಕಿ. "ಈಗ ಎತ್ತಿದ್ದೇನೆ, ನಿಂತಿದೆ, ಈಜಲಿ ಬಿಡಿ" ಎನ್ನುವ ಮಾತಿಗೆ ಜಾಗ ಕೊಡಬೇಡಿ. ಏಣಿ ಹಿಡಿದಾಗ ಕೈ ಜುಮ್ಮೆಂದಿತು, ದೀಪದ ಹತ್ತಿರ ಕಾಲು ಜುಮ್ಮೆಂದಿತು ಎಂದು ಯಾರಾದರೂ, ಅದರಲ್ಲೂ ಚಿಕ್ಕ ಮಕ್ಕಳು, ಹೇಳಿದ್ದರೆ ಅದು ಎಲ್ಲ ಮೀಟರ್‌ಗಳಿಗಿಂತ ಮೊದಲು ಬಂದ ರೀಡಿಂಗ್.

ನೀರಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಕೈಕಾಲು ಆಡಿಸದೆ ನಿಂತುಬಿಟ್ಟರೆ ನೀವು ನೀರಿಗೆ ಹಾರಬೇಡಿ, ಲೋಹದ ಏಣಿಯನ್ನೂ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಇಳಿಸಬೇಕು. ಆಮೇಲೆ ಫೈಬರ್ ಕೋಲು ಅಥವಾ ಒಣಗಿದ ಉದ್ದನೆಯ ಬಿದಿರಿನಿಂದ ದಡಕ್ಕೆ ಎಳೆದು, ಉಸಿರು ಇಲ್ಲದಿದ್ದರೆ ತಕ್ಷಣ ಸಿಪಿಆರ್ ಶುರುಮಾಡಿ, 108ಕ್ಕೆ ಕರೆ ಮಾಡಿಸಿ. ಹಾಗೆ ಇಳಿಸಬೇಕಾದ ಸ್ವಿಚ್ ಎಲ್ಲಿದೆ ಎಂದು ಕಾವಲುಗಾರನಿಂದ ಹಿಡಿದು ಈಜು ಕಲಿಸುವವರವರೆಗೆ ಎಲ್ಲರಿಗೂ ಗೊತ್ತಿರಬೇಕು. ಕೆಂಪು ಎಮರ್ಜೆನ್ಸಿ ಬಟನ್ ಬೇಸ್‌ಮೆಂಟಿನ ಬೀಗ ಹಾಕಿದ ಪ್ಲಾಂಟ್ ರೂಮಿನೊಳಗೆ (ಪಂಪ್, ಫಿಲ್ಟರ್ ಇರುವ ಕೋಣೆ) ಇದ್ದರೆ ಹೊತ್ತಿಗೆ ಒದಗುವುದಿಲ್ಲ. ಅದು ಕೊಳ ಕಾಣುವ ಜಾಗದಲ್ಲಿರಬೇಕು, ಅದರ ಕಂಟ್ರೋಲ್ ವೈರಿಂಗ್ 24 ವೋಲ್ಟ್‌ನದಾಗಿರಬೇಕು.

30 ಮಿಲಿಆಂಪ್ ಆರ್‌ಸಿಸಿಬಿ ಇದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನೆಲದ ಮೇಲೆ ನಿಂತವರ ಹೃದಯ ಕಾಯಲು ಆ ಮಿತಿ. ಆದರೆ ಸುಮಾರು 10 ಮಿಲಿಆಂಪ್ ಹರಿದರೇ ಸ್ನಾಯುಗಳು ನಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತವೆ. ನೆಲದ ಮೇಲೆ ಅದು ಶಾಕ್, ನೀರಿನಲ್ಲಿ ಅದೇ ಮುಳುಗುವಿಕೆ. ಆದ್ದರಿಂದ ಆರ್‌ಸಿಸಿಬಿ, ಬಾಂಡಿಂಗ್ (ಕೊಳದ ಲೋಹದ ಭಾಗಗಳನ್ನೆಲ್ಲ ತಾಮ್ರದಿಂದ ಒಂದಕ್ಕೊಂದು ಜೋಡಿಸುವುದು), ನೀರಿನೊಳಗೆ 12 ವೋಲ್ಟ್ ಮಾತ್ರ ಎನ್ನುವ ನಿಯಮ, ಈ ಮೂರೂ ಒಟ್ಟಿಗೆ ಬೇಕು. ಒಂದಿದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ.

ಪ್ಯಾನೆಲ್ ಬಿಚ್ಚುವ ಕೆಲಸ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರದು, ಪರ್ಮಿಟ್ ಇರುವ ವೈರ್‌ಮನ್‌ಗಳದು. ನಿರ್ವಹಣೆಯವರು ಗಮನಿಸಬಹುದು, ಬರೆದಿಡಬಹುದು, ಕೊಳ ಮುಚ್ಚಬಹುದು. ಈ ಬರಹ ಇಬ್ಬರಿಗೂ.

ಬಿದ್ದದ್ದು ಯಾವುದು?

"ಪ್ಯಾನೆಲ್ ಟ್ರಿಪ್ ಆಗುತ್ತಿದೆ" ಎಂಬ ದೂರಿನಲ್ಲಿ ಅರ್ಧ ಮಾಹಿತಿಯೂ ಇರುವುದಿಲ್ಲ. ಬಾಗಿಲು ತೆರೆದು ಯಾವ ಲಿವರ್ ಕೆಳಗಿದೆ ನೋಡಿ. ಎಂಸಿಬಿ ಬಿದ್ದಿದ್ದರೆ ಶಾರ್ಟ್ ಅಥವಾ ವಿಪರೀತ ಲೋಡ್. ಕಾಂಟ್ಯಾಕ್ಟರ್ (ಪಂಪಿಗೆ ಕರೆಂಟು ಕೊಟ್ಟು ಕಡಿಯುವ ವಿದ್ಯುತ್ಕಾಂತದ ಸ್ವಿಚ್) ಕೆಳಗಿನ ಓವರ್‌ಲೋಡ್ ರಿಲೇ ಬಿದ್ದಿದ್ದರೆ ಮೋಟಾರ್ ತನ್ನ ನೇಮ್‌ಪ್ಲೇಟ್ ಮಿತಿಗಿಂತ ಹೆಚ್ಚು ಆಂಪ್ ಎಳೆದಿದೆ. ಸಿಂಗಲ್ ಫೇಸ್ ಪ್ರಿವೆಂಟರ್‌ನ ಕೆಂಪು ದೀಪ ಉರಿಯುತ್ತಿದ್ದರೆ ಒಂದು ಫೇಸ್ ಹೋಗಿದೆ ಅಥವಾ ಫೇಸ್‌ಗಳ ಸರದಿ ಅದಲುಬದಲಾಗಿದೆ. ಆರ್‌ಸಿಸಿಬಿ ಬಿದ್ದಿದ್ದರೆ ಮಾತ್ರ ಸೋರಿಕೆ. ಎಂಸಿಬಿ, ಆರ್‌ಸಿಸಿಬಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಆರ್‌ಸಿಬಿಒ ಹಾಕಿದ್ದರೆ ಇವೆರಡರಲ್ಲಿ ಯಾವುದೆಂದು ಲಿವರ್ ನೋಡಿ ತಿಳಿಯುವುದಿಲ್ಲ, ಮೀಟರ್ ಹಿಡಿದೇ ತಿಳಿಯಬೇಕು.

ಆರ್‌ಸಿಸಿಬಿ ಮಾಡುವ ಕೆಲಸ ಅಂಗಡಿಯ ಲೆಕ್ಕದ ಪುಸ್ತಕದಂತೆ: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೇ ಎಂದು ತಾಳೆ ನೋಡುತ್ತದೆ. 15ರಿಂದ 30 ಮಿಲಿಆಂಪ್ ನಡುವೆ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದರೆ ಬೀಳುತ್ತದೆ. 230 ವೋಲ್ಟ್‌ಗೆ 30 ಮಿಲಿಆಂಪ್ ಎಂದರೆ ಸುಮಾರು 7,700 ಓಮ್. ಹಸಿಯಾದ ಜಂಕ್ಷನ್ ಬಾಕ್ಸ್ ಒಂದಕ್ಕೆ ಅಷ್ಟು ಕೆಳಗಿಳಿಯುವುದು ಕಷ್ಟವಲ್ಲ.

ಬೀಳುವ ಹೊತ್ತನ್ನೂ ಬರೆದಿಡಿ. ಪಂಪ್ ಶುರುವಾದ ಕ್ಷಣವೇ? ದೀಪ ಹಾಕಿದಾಗಲೇ? ಮಳೆಯ ನಂತರವೇ? ಬ್ಯಾಕ್‌ವಾಶ್ ಮಾಡಿ (ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದು) ಪ್ಲಾಂಟ್ ರೂಮಿನ ನೆಲ ತೊಯ್ದ ದಿನವೇ? ಬೆಳಗಿನ ಹೊತ್ತಷ್ಟೇ ಏಕೆ? ಒಂದು ವಾರದ ಇಂಥ ನಾಲ್ಕು ಸಾಲುಗಳು ಅರ್ಧ ದಿನದ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಕೆಲಸ ಉಳಿಸುತ್ತವೆ.

ಕರೆಂಟು ನಿಜಕ್ಕೂ ಹೋಗಿದೆಯೇ?

ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಇಲ್ಲೇ ದೊಡ್ಡ ಅಪಾಯ. ಬೆಸ್ಕಾಂ ಕರೆಂಟು ಹೋಗಿದೆ, ಈಗ ಕೈ ಹಾಕಬಹುದು ಎಂದುಕೊಳ್ಳುವ ಹೊತ್ತಿಗೆ ಜನರೇಟರ್ ತಾನಾಗಿಯೇ ಎದ್ದು ಕೂರುತ್ತದೆ. ಸರಬರಾಜು ಇಲ್ಲ ಎಂಬುದನ್ನು ಎಂದೂ ಸುರಕ್ಷತೆ ಎಂದು ತಿಳಿಯಬೇಡಿ. ಪ್ಯಾನೆಲ್‌ನ ಇನ್‌ಕಮರ್ ಐಸೊಲೇಟರ್ ಇಳಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿಟ್ಟುಕೊಂಡು, "ಕೆಲಸ ನಡೆಯುತ್ತಿದೆ" ಎಂಬ ಫಲಕ ತೂಗುಹಾಕಿ.

ಆಮೇಲೂ ನಂಬಬೇಡಿ. ಟೈಮರ್‌ಗೆ, ನೀರಿಗೆ ಕ್ಲೋರಿನ್, ಆ್ಯಸಿಡ್ ಬಿಡುವ ಡೋಸಿಂಗ್ ಕಂಟ್ರೋಲರ್‌ಗೆ ಬೇರೆ ಡಿಬಿಯಿಂದ (ವಿತರಣಾ ಪೆಟ್ಟಿಗೆ), ಕೆಲವೊಮ್ಮೆ ಪಕ್ಕದ ಲೈಟಿಂಗ್ ಸರ್ಕ್ಯೂಟಿನಿಂದ ಕರೆಂಟು ತಂದಿರುತ್ತಾರೆ. ಮೇನ್ ಇಳಿಸಿದ ಮೇಲೂ ಟರ್ಮಿನಲ್ ಪಟ್ಟಿಯಲ್ಲಿ 230 ವೋಲ್ಟ್ ಉಳಿಯುವುದು ಹೀಗೆ. ಮಲ್ಟಿಮೀಟರನ್ನು ಕರೆಂಟು ಇರುವುದು ಖಚಿತವಾದ ಸಾಕೆಟ್ಟಿನಲ್ಲಿ ಒಮ್ಮೆ ಪರೀಕ್ಷಿಸಿ, ಪ್ಯಾನೆಲ್‌ನಲ್ಲಿ ಫೇಸ್‌ಗಳ ನಡುವೆ, ಪ್ರತಿ ಫೇಸಿನಿಂದ ನ್ಯೂಟ್ರಲ್‌ಗೆ, ಪ್ರತಿ ಫೇಸಿನಿಂದ ಅರ್ಥಿಂಗಿಗೆ, ನ್ಯೂಟ್ರಲ್‌ನಿಂದ ಅರ್ಥಿಂಗಿಗೆ ನೋಡಿ, ಮತ್ತೆ ಅದೇ ಸಾಕೆಟ್ಟಿನಲ್ಲಿ ಮೀಟರ್ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಟೆಸ್ಟರ್ ಉರಿಯಲಿಲ್ಲ ಎಂದು ಒದ್ದೆ ನೆಲದ ಮೇಲೆ ನಿಂತು ಬಸ್‌ಬಾರ್ ಮುಟ್ಟುವುದು ಬೇಡ.

ಎಲ್ಲ ಎಂಸಿಬಿ ಇಳಿಸಿದರೂ ಬಿದ್ದರೆ

ಸೋರಿಕೆ ಹುಡುಕುವುದೆಂದರೆ ಭಾಗ ಮಾಡುತ್ತಾ ಹೋಗುವುದು. ಆರ್‌ಸಿಸಿಬಿ ನಂತರದ ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಸರ್ಕ್ಯೂಟಿನಲ್ಲಿ ಕಾಯಿಲೆ. ಇಷ್ಟು ಎಲ್ಲರಿಗೂ ಗೊತ್ತು.

ಎಲ್ಲ ಎಂಸಿಬಿ ಕೆಳಗಿದ್ದೂ ಆರ್‌ಸಿಸಿಬಿ ನಿಲ್ಲದಿದ್ದಾಗಲೇ "ಇದೇ ಕೆಟ್ಟಿದೆ, ಬದಲಾಯಿಸೋಣ" ಎಂಬ ತೀರ್ಮಾನ ಬರುವುದು. ಹೊಸದು ತಂದು ಹಾಕಿದರೆ ಅದೂ ಬೀಳುತ್ತದೆ. ನಮ್ಮ ಪ್ಯಾನೆಲ್‌ಗಳಲ್ಲಿ ದೀಪ, ಟೈಮರ್, ಡೋಸಿಂಗ್ ಪಂಪ್‌ಗಳಿಗೆ ಸಾಮಾನ್ಯವಾಗಿ ಸಿಂಗಲ್ ಪೋಲ್ ಎಂಸಿಬಿ ಇರುತ್ತದೆ. ಅದು ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಹೊರಗಿನ ಕೇಬಲ್‌ಗೆ ಅಂಟಿಕೊಂಡಿರುತ್ತದೆ. ಕೊಳದ ಬದಿಯ ಯಾವುದೋ ಡಬ್ಬಿಯಲ್ಲಿ ನ್ಯೂಟ್ರಲ್ ವೈರ್ ಅರ್ಥಿಂಗಿಗೆ ತಾಗಿದ್ದರೆ ಎಂಸಿಬಿ ಇಳಿಸಿ ಪ್ರಯೋಜನವಿಲ್ಲ.

ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ಲದಿದ್ದರೆ ಸೋರುವುದು ಏನು? ಇಡೀ ಕಟ್ಟಡದ ಲೋಡಿನಿಂದ ನ್ಯೂಟ್ರಲ್ ಅರ್ಥಿಂಗಿಗಿಂತ ಒಂದೆರಡು ವೋಲ್ಟ್ ಮೇಲೆ ನಿಂತಿರುತ್ತದೆ. ತಾಗಿದ ಜಾಗದ ರೆಸಿಸ್ಟೆನ್ಸ್ 10 ಓಮ್ ಇದ್ದರೆ 2 ವೋಲ್ಟ್‌ಗೇ 200 ಮಿಲಿಆಂಪ್ ಹರಿಯುತ್ತದೆ. ಬೆಳಗಿನ ಹೊತ್ತೇ ಏಕೆ ಬೀಳುತ್ತದೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರ ಸಿಗಬಹುದು. ಆರರಿಂದ ಎಂಟರವರೆಗೆ ಮನೆಮನೆಯ ಗೀಸರ್‌ಗಳು ಓಡುತ್ತವೆ, ನ್ಯೂಟ್ರಲ್ ವೋಲ್ಟೇಜ್ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಪಂಪಿನ ಟೈಮರ್ ಅದೇ ಹೊತ್ತಿಗೆ ಇರುವುದರಿಂದ ತಪ್ಪೆಲ್ಲ ಪಂಪಿನ ತಲೆಗೆ ಬರುತ್ತದೆ. ಇದನ್ನು ಪರೀಕ್ಷಿಸಲು ಮೇನ್ ಇಳಿಸಿ, ನ್ಯೂಟ್ರಲ್ ಬಾರ್‌ನಿಂದ ಹೊರಹೋಗುವ ವೈರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದಕ್ಕೂ ಅರ್ಥಿಂಗಿಗೂ ನಡುವೆ ಅಳೆಯಿರಿ. ಬಿಚ್ಚುವ ಮೊದಲು ಫೆರುಲ್ (ವೈರ್ ತುದಿಯ ಗುರುತಿನ ಉಂಗುರ) ನಂಬರ್ ನೋಡಿ, ಇಲ್ಲದಿದ್ದರೆ ಟೇಪ್ ಸುತ್ತಿ ನೀವೇ ಗುರುತು ಹಾಕಿ, ಫೋಟೊ ತೆಗೆದಿಡಿ.

ನ್ಯೂಟ್ರಲ್‌ನ ಇನ್ನೊಂದು ದೋಷ ಹೊಸ ಪ್ಯಾನೆಲ್‌ಗಳದು. ಪ್ಯಾನೆಲ್ ಕೂರಿಸಿದ ದಿನದಿಂದಲೇ ಪಂಪ್ ಚಾಲೂ ಆದಾಗಲೆಲ್ಲ ಬೀಳುತ್ತದೆ, ಮೋಟಾರ್ ಮೆಗ್ಗರ್ ಮಾಡಿದರೆ ಚೆನ್ನಾಗಿದೆ. ಆಗ ಕಾಂಟ್ಯಾಕ್ಟರ್ ಕಾಯಿಲ್‌ನ ವೈರ್ ಹಿಡಿದು ಹಿಂದಕ್ಕೆ ಹೋಗಿ. ಕಾಯಿಲ್‌ನ ಫೇಸನ್ನು ಆರ್‌ಸಿಸಿಬಿಯ ನಂತರದಿಂದಲೂ ನ್ಯೂಟ್ರಲನ್ನು ಆರ್‌ಸಿಸಿಬಿಗೆ ಮೊದಲಿನ ಬಾರ್‌ನಿಂದಲೂ ತೆಗೆದುಕೊಂಡಿದ್ದರೆ ಕಾಯಿಲ್‌ನ ಕರೆಂಟೆಲ್ಲ ಲೆಕ್ಕ ತಪ್ಪಿದ ಕರೆಂಟೇ. ಸಣ್ಣ ಕಾಂಟ್ಯಾಕ್ಟರ್ ಕಾಯಿಲ್ ಹಿಡಿದಿಟ್ಟುಕೊಳ್ಳಲು ಸುಮಾರು 8 ವೋಲ್ಟ್‌ಆಂಪ್, ಅಂದರೆ 35 ಮಿಲಿಆಂಪ್ ಎಳೆಯುತ್ತದೆ, ಎಳೆದುಕೊಳ್ಳುವ ಕ್ಷಣದಲ್ಲಿ ಅದರ ಹಲವು ಪಟ್ಟು. ಬೀಳಲು ಇಷ್ಟು ಸಾಕು. ಎರಡು ಆರ್‌ಸಿಸಿಬಿಗಳ ನ್ಯೂಟ್ರಲ್‌ಗಳನ್ನು ಒಂದೇ ಬಾರ್‌ಗೆ ಬಿಗಿದಿದ್ದರೂ ಇದೇ ಕಥೆ, ಒಂದರ ಲೋಡ್ ಹಾಕಿದರೆ ಇನ್ನೊಂದೂ ಬೀಳುತ್ತದೆ. ಪ್ರತಿ ಆರ್‌ಸಿಸಿಬಿಗೂ ಅದರದೇ ನ್ಯೂಟ್ರಲ್ ಬಾರ್ ಇರಬೇಕು. ಇನ್ನೂ ಒಳ್ಳೆಯದೆಂದರೆ ಪಂಪಿಗೆ, ದೀಪಕ್ಕೆ, ಡೋಸಿಂಗ್‌ಗೆ ಬೇರೆ ಬೇರೆ ಆರ್‌ಸಿಬಿಒ. ಖರ್ಚು ಸ್ವಲ್ಪ ಹೆಚ್ಚು, ಆದರೆ ಮುಂದಿನ ಸಲ ದೋಷ ಎಲ್ಲಿದೆ ಎಂದು ಅದೇ ತೋರಿಸುತ್ತದೆ.

ಮೆಗ್ಗರ್ ಹಿಡಿಯುವಾಗ

ಸರ್ಕ್ಯೂಟ್ ಗುರುತಾದ ಮೇಲೆ 500 ವೋಲ್ಟ್ ಮೆಗ್ಗರ್. ಅದಕ್ಕೆ ಮೊದಲು ಟೈಮರ್, ಪಿಎಚ್ ಕಂಟ್ರೋಲರ್, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ಎಲ್‌ಇಡಿ ಡ್ರೈವರ್‌ಗಳ ವೈರನ್ನು ಎರಡೂ ಕಡೆ ಬಿಚ್ಚಿ, ಇಲ್ಲದಿದ್ದರೆ ಅವು ಸುಟ್ಟುಹೋಗುತ್ತವೆ. ಮೋಟಾರ್ ಮತ್ತು ಕೇಬಲನ್ನು ಒಟ್ಟಿಗೆ ಅಳೆದು "ಮೋಟಾರ್ ಹೋಗಿದೆ" ಎನ್ನಬೇಡಿ. ಮೋಟಾರಿನ ಟರ್ಮಿನಲ್ ಡಬ್ಬಿಯಲ್ಲಿ ವೈರ್ ಬಿಚ್ಚಿ, ವೈಂಡಿಂಗ್‌ನಿಂದ ಮೋಟಾರಿನ ಹೊರಕವಚಕ್ಕೆ (ಬಾಡಿ) ಒಮ್ಮೆ, ಕೇಬಲ್‌ನ ಪ್ರತಿ ಕೋರ್‌ನಿಂದ ಅರ್ಥಿಂಗಿಗೆ ಒಮ್ಮೆ ನೋಡಿ. ಕನಿಷ್ಠ 1 ಮೆಗಾಓಮ್ ಎನ್ನುವುದು ಪಾಸಾಗುವ ಗೆರೆ ಮಾತ್ರ. ಒಣಗಿದ ಒಳ್ಳೆಯ ಮೋಟಾರ್ ಹತ್ತಾರು ಮೆಗಾಓಮ್ ತೋರಿಸುತ್ತದೆ. ಕಳೆದ ವರ್ಷ 80 ಇದ್ದದ್ದು ಈ ವರ್ಷ 2ಕ್ಕೆ ಇಳಿದಿದ್ದರೆ ಗೆರೆ ದಾಟಿಲ್ಲ ಎಂದು ಸುಮ್ಮನಿರಬೇಡಿ, ಮೆಕ್ಯಾನಿಕಲ್ ಸೀಲ್ ಬಿಟ್ಟು ನೀರು ಶಾಫ್ಟ್ ಹಿಡಿದು ಬೇರಿಂಗ್ ಕಡೆಗೆ ಹೋಗುತ್ತಿದೆಯೇ ನೋಡಿ. ಪಂಪಿನ ಕೆಳಗೆ ಬಿಳಿ ಉಪ್ಪಿನ ಗೆರೆ ಕಂಡರೆ ಸೀಲ್ ಹೋಗಿದೆ ಎಂದೇ ತಿಳಿಯಿರಿ.

ಬಿಡಿಬಿಡಿಯಾಗಿ ಎಲ್ಲವೂ ಚೆನ್ನಾಗಿದ್ದು ಒಟ್ಟಾದಾಗ ಮಾತ್ರ ಬೀಳುವುದೂ ಉಂಟು. ಆಗ ಲೀಕೇಜ್ ಕ್ಲ್ಯಾಂಪ್ ಮೀಟರಿನ ಬಾಯಿಯೊಳಗೆ ಮೂರು ಫೇಸ್ ಮತ್ತು ನ್ಯೂಟ್ರಲನ್ನು ಒಟ್ಟಿಗೆ ಸೇರಿಸಿ ಹಿಡಿಯಿರಿ, ಅರ್ಥಿಂಗ್ ವೈರ್ ಹೊರಗಿರಲಿ. ಕಾಣುವುದು ನಿರಂತರ ಸೋರಿಕೆಯ ಮೊತ್ತ. ಅದು ಆರ್‌ಸಿಸಿಬಿ ಮಿತಿಯ ಶೇ. 30, ಅಂದರೆ 9 ಮಿಲಿಆಂಪ್ ದಾಟಬಾರದು. ದಾಟಿದ್ದರೆ ಸರ್ಕ್ಯೂಟ್‌ಗಳನ್ನು ಬೇರೆ ಬೇರೆ ಆರ್‌ಸಿಬಿಒಗಳಿಗೆ ಹಂಚುವುದೇ ದಾರಿ. ಮಿಲಿಆಂಪ್ ಏರಿಸುವುದು ದಾರಿಯಲ್ಲ.

ವೇಗ ಬದಲಾಗುವ ಪಂಪ್ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಸೋರಿಕೆಯಲ್ಲಿ ನೇರ ಕರೆಂಟಿನ (ಡಿಸಿ) ಅಂಶ ಸೇರಿದರೆ ಸಾಮಾನ್ಯ ಎಸಿ ಟೈಪ್ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳಬಹುದು, ಅದಕ್ಕಿಂತ ಕೆಟ್ಟದಾಗಿ, ಬೀಳಬೇಕಾದಾಗ ಬೀಳದೆಯೂ ಇರಬಹುದು. ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ಸ್‌ಗೆ ಎ ಟೈಪ್, ಮೂರು ಫೇಸ್ ವಿಎಫ್‌ಡಿಗೆ ಬಿ ಟೈಪ್ ಬೇಕು. ಡ್ರೈವ್‌ನ ಕೈಪಿಡಿಯಲ್ಲಿ ಯಾವುದೆಂದು ಬರೆದಿರುತ್ತದೆ, ಅದನ್ನೇ ತರಿಸಿ.

ಮಳೆಯ ಮರುದಿನ

ಕೊಳ ಮೇಲೆ, ಪ್ಲಾಂಟ್ ರೂಮ್ ಕೆಳಗೆ. ದೀಪದ ಕೇಬಲ್‌ಗಾಗಿ ಹಾಕಿದ ಪಿವಿಸಿ ಪೈಪ್ ಕೊಳದ ಬದಿಯ ಜಂಕ್ಷನ್ ಬಾಕ್ಸ್‌ನಿಂದ ನೇರ ಪ್ಯಾನೆಲ್‌ಗೆ ಇಳಿದಿರುತ್ತದೆ. ಆ ಡಬ್ಬಿಯ ಮುಚ್ಚಳದ ರಬ್ಬರ್ ಸವೆದ ದಿನದಿಂದ ಪೈಪು ಚರಂಡಿಯಾಗುತ್ತದೆ, ಮಳೆನೀರು ಕೇಬಲ್ ಜೊತೆಯಲ್ಲೇ ಪ್ಯಾನೆಲ್ ಒಳಗೆ ಬರುತ್ತದೆ. ಪ್ಯಾನೆಲ್ ಮೇಲೆ ಐಪಿ 65 (ದೂಳು, ನೀರು ತಡೆಯುವ ದರ್ಜೆ) ಎಂದು ಬರೆದಿದ್ದರೂ ನೆತ್ತಿಯಲ್ಲಿ ಕೊರೆದ ತೂತು ಆ ಅಂಕಿಗೆ ಬೆಲೆ ಉಳಿಸುವುದಿಲ್ಲ.

ನೋಡಬೇಕಾದ ಗುರುತುಗಳು: ಪ್ಯಾನೆಲ್ ತಳದಲ್ಲಿ ನೀರಿನ ಕಲೆ, ಟರ್ಮಿನಲ್‌ಗಳ ಮೇಲೆ ಹಸಿರು ಪುಡಿ, ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿದು ತೂತು ಮುಚ್ಚುವ ಬಿಲ್ಲೆ) ಇಲ್ಲದೆ ಬರೀ ತೂತಿನಿಂದ ಬಂದ ಕೇಬಲ್, ಟೇಪ್ ಸುತ್ತಿ ಮಣ್ಣಲ್ಲಿ ಹೂತ ಜೋಡಣೆ. ಕೊನೆಯದು ಸಿಕ್ಕರೆ ಮುಂದೆ ಹುಡುಕುವುದೇ ಬೇಡ, ಅದನ್ನು ತೆಗೆದು ಇಡೀ ಕೇಬಲ್ ಹೊಸದಾಗಿ ಎಳೆಯಿರಿ. ಜಂಕ್ಷನ್ ಬಾಕ್ಸ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕೇಬಲ್ ಪ್ಯಾನೆಲ್‌ಗೆ ತಳದಿಂದ, ಸರಿಯಾದ ಅಳತೆಯ ಗ್ಲ್ಯಾಂಡ್ ಮೂಲಕ ಬರಬೇಕು, ಬರುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು. ಆಗ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಪೈಪಿನ ಬಾಯಿಯನ್ನು ಸೀಲ್ ಮಾಡಬೇಕು.

ಹಸಿರು ಪುಡಿಗೆ ಮಳೆಯಷ್ಟೇ ಕಾರಣವಲ್ಲ. ಕ್ಲೋರಿನ್ ಡ್ರಮ್, ಆ್ಯಸಿಡ್ ಕ್ಯಾನ್‌ಗಳನ್ನು ಪ್ಯಾನೆಲ್ ಇರುವ ಕೋಣೆಯಲ್ಲೇ ಇಡುವ ರೂಢಿ ಇದೆ. ಆ ಹೊಗೆ ತಾಮ್ರವನ್ನು ತಿನ್ನುತ್ತದೆ, ರಿಲೇ ಬೋರ್ಡನ್ನು ತಿನ್ನುತ್ತದೆ. ಕಾಂಟ್ಯಾಕ್ಟರ್ ಗುರ್ರ್ ಎಂದು ಸದ್ದು ಮಾಡುತ್ತಿದ್ದರೆ ಅದರ ಮುಖ ತುಕ್ಕು ಹಿಡಿದಿರಬಹುದು, ಅಥವಾ ಕಂಟ್ರೋಲ್ ವೈರ್ ಸಡಿಲವಾಗಿರಬಹುದು. ರಾಸಾಯನಿಕಗಳನ್ನು ಬೇರೆ, ಗಾಳಿಯಾಡುವ ಕೋಣೆಗೆ ಸಾಗಿಸದೆ ಬಿಡಿಭಾಗ ಬದಲಾಯಿಸಿದರೆ ಹೊಸದೂ ಹಾಗೇ ಆಗುತ್ತದೆ. ಮಂಗಳೂರು, ಉಡುಪಿಯ ಕಡಲಗಾಳಿಯಲ್ಲಿ ಇದು ಇನ್ನೂ ಬೇಗ.

ನೀರೊಳಗಿನ ದೀಪ

ವೈರಿಂಗ್ ಕುರಿತ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರ 702ನೇ ಭಾಗ ಈಜುಕೊಳವನ್ನು ಮೂರು ವಲಯವಾಗಿ ನೋಡುತ್ತದೆ. ನೀರಿರುವ ತೊಟ್ಟಿ 0 ವಲಯ. ಅಂಚಿನಿಂದ 2 ಮೀಟರ್ ದೂರ, 2.5 ಮೀಟರ್ ಎತ್ತರದವರೆಗೆ 1 ವಲಯ. ಅಲ್ಲಿಂದ ಇನ್ನೂ 1.5 ಮೀಟರ್ ದೂರದವರೆಗೆ 2 ವಲಯ. 0 ವಲಯದಲ್ಲಿ ಜನ ಇದ್ದಾಗ ಇರಬಹುದಾದದ್ದು 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿ, ಅದಕ್ಕಿಂತ ಹೆಚ್ಚಲ್ಲ. ಪ್ಯಾನೆಲ್ ಮೂರೂ ವಲಯಗಳ ಆಚೆ, ಅಂದರೆ ಅಂಚಿನಿಂದ ಮೂರೂವರೆ ಮೀಟರ್‌ಗಿಂತ ದೂರ ಇರಲಿ. ನಮ್ಮ ವೈರಿಂಗ್ ಮಾನದಂಡ ಐಎಸ್ 732 ಮತ್ತು ರಾಷ್ಟ್ರೀಯ ವಿದ್ಯುತ್ ಸಂಹಿತೆಯನ್ನೂ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿ.

12 ವೋಲ್ಟ್ ಎಂದಷ್ಟೇ ಬರೆದಿದ್ದರೆ ಸುರಕ್ಷಿತವಲ್ಲ. ಆ 12 ವೋಲ್ಟ್ ಎಲ್ಲಿಂದ ಬಂತು ಎಂಬುದು ಮುಖ್ಯ. ಬರಬೇಕಾದದ್ದು ಸುರಕ್ಷಾ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್‌ನಿಂದ, ಅದರ ಮೇಲೆ ಐಇಸಿ 61558-2-6 ಎಂಬ ಗುರುತಿರಬೇಕು. ಅಂಗಡಿ ಬೋರ್ಡಿಗೆ ಹಾಕುವ ಅಗ್ಗದ ಎಲ್‌ಇಡಿ ಅಡಾಪ್ಟರ್‌ನೊಳಗೆ ಇನ್ಸುಲೇಷನ್ ಸೋತರೆ 230 ವೋಲ್ಟ್ ನೇರ ನೀರಿಗಿಳಿಯುತ್ತದೆ. ಆಟೊಟ್ರಾನ್ಸ್‌ಫಾರ್ಮರ್ ಅಂತೂ ಕೂಡದು, ಅದರಲ್ಲಿ ಎರಡೂ ಕಡೆಗೆ ಒಂದೇ ವೈಂಡಿಂಗ್. ಟ್ರಾನ್ಸ್‌ಫಾರ್ಮರ್‌ನ 12 ವೋಲ್ಟ್ ಬದಿಯನ್ನು ಅರ್ಥಿಂಗಿಗೆ ಜೋಡಿಸಬಾರದು, ಅದರ ವೈರ್ 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ಹೋಗಬಾರದು. ಪ್ಯಾನೆಲ್ ಒಳಗೂ ಇವೆರಡರ ನಡುವೆ ಗೋಡೆ ಇರಬೇಕು.

ದೀಪ ಮಂಕಾಗಿ ಉರಿಯುತ್ತಿದೆ ಎಂದು ಕೆಲವರು ಟ್ರಾನ್ಸ್‌ಫಾರ್ಮರ್ ತೆಗೆದು 24 ವೋಲ್ಟ್‌ನದನ್ನು ಹಾಕುತ್ತಾರೆ. ಬೇಡ. ಲೆಕ್ಕ ನೋಡಿ: 100 ವಾಟ್‌ಗೆ 12 ವೋಲ್ಟ್‌ನಲ್ಲಿ 8.3 ಆಂಪ್ ಬೇಕು. 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ 20 ಮೀಟರ್ ದೂರ ಹೋಗಿ ಬಂದರೆ ಸುಮಾರು 0.3 ಓಮ್. ಅಲ್ಲೇ ಎರಡೂವರೆ ವೋಲ್ಟ್ ಕಳೆದುಹೋಗಿ ದೀಪಕ್ಕೆ ಒಂಬತ್ತೂವರೆ ಉಳಿಯುತ್ತದೆ. 6 ಚದರ ಮಿಲಿಮೀಟರ್ ಕೇಬಲ್ ಹಾಕಿ, ಅಥವಾ ಟ್ರಾನ್ಸ್‌ಫಾರ್ಮರನ್ನು ವಲಯಗಳ ಆಚೆಗೇ ಇಟ್ಟು ಕೊಳಕ್ಕೆ ಹತ್ತಿರ ತನ್ನಿ. ಕಡಿಮೆ ವಾಟಿನ ಎಲ್‌ಇಡಿಗೆ ಬದಲಾದರೆ ತೊಂದರೆಯೇ ಹೋಗುತ್ತದೆ.

ಅರ್ಥಿಂಗ್ ಇದೆ, ಬಾಂಡಿಂಗ್ ಇದೆಯೇ?

ಇವೆರಡನ್ನು ಒಂದೇ ಎಂದುಕೊಳ್ಳುವವರೇ ಹೆಚ್ಚು. ಅರ್ಥಿಂಗ್ ಸೋರಿದ ಕರೆಂಟಿಗೆ ದಾರಿ ಕೊಟ್ಟು ಬ್ರೇಕರ್ ಬೀಳಿಸುತ್ತದೆ. ಬಾಂಡಿಂಗ್ ಏಣಿ, ಕೈಹಿಡಿ, ಲೋಹದ ಜಾಲರಿ, ದೀಪದ ಲೋಹದ ಗೂಡು, ಪಂಪಿನ ಬಾಡಿ, ಕೊಳದ ಕಾಂಕ್ರೀಟಿನ ಕಬ್ಬಿಣ ಎಲ್ಲವನ್ನೂ ತಾಮ್ರದಿಂದ ಒಂದಕ್ಕೊಂದು ಬೆಸೆಯುತ್ತದೆ. ಆಗ ದೋಷ ಬಂದ ಕ್ಷಣದಲ್ಲೂ ಒದ್ದೆ ಕೈಗೂ ಒದ್ದೆ ಕಾಲಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಇರುವುದಿಲ್ಲ. ಎರಡು ಅರ್ಥಿಂಗ್ ಪಿಟ್ ತೋಡಿದ್ದೇವೆ ಎನ್ನುವುದು ಬಾಂಡಿಂಗ್‌ಗೆ ಉತ್ತರವಲ್ಲ.

ಪಿಟ್ ಒಂದನ್ನೇ ನಂಬಿದರೆ ಏನಾಗುತ್ತದೆ? ಪಿಟ್ 5 ಓಮ್ ಎಂದಿಟ್ಟುಕೊಳ್ಳಿ, ಒಳ್ಳೆಯ ಪಿಟ್. ಕರೆಂಟು ಮಣ್ಣಿನ ಮೂಲಕವೇ ಮರಳಬೇಕಾದ ಕಡೆ ಫೇಸ್ ಪಂಪಿನ ಬಾಡಿಗೆ ತಾಗಿದರೆ ಹರಿಯುವುದು ಹೆಚ್ಚೆಂದರೆ 46 ಆಂಪ್. 32 ಆಂಪ್‌ನ ಎಂಸಿಬಿ ಅಷ್ಟಕ್ಕೆ ಒಂದು ಗಂಟೆಯಾದರೂ ಬೀಳದೆ ಇರಬಹುದು. ಅಷ್ಟು ಹೊತ್ತೂ ಪಂಪಿನ ಬಾಡಿಯಲ್ಲಿ ಕರೆಂಟು. ಆರ್‌ಸಿಸಿಬಿ ಕಳಚಿದವರು ಕಳಚಿದ್ದು ಇದರ ಎದುರಿಗಿದ್ದ ರಕ್ಷಣೆಯನ್ನು.

ಪರೀಕ್ಷೆ ಕಷ್ಟವಲ್ಲ. ಕರೆಂಟು ಇಳಿಸಿ, ಉದ್ದನೆಯ ವೈರಿನೊಂದಿಗೆ ಕಡಿಮೆ ಓಮ್ ಅಳೆಯುವ ಮೀಟರ್ ಹಿಡಿದು ಪ್ಯಾನೆಲ್‌ನ ಅರ್ಥಿಂಗ್ ಬಾರ್‌ನಿಂದ ಒಂದೊಂದೇ ಲೋಹದ ಭಾಗಕ್ಕೆ ಅಳೆಯಿರಿ. ವೈರಿನದೇ ರೆಸಿಸ್ಟೆನ್ಸ್ ಕಳೆದ ಮೇಲೆ ಓಮ್‌ನ ಸಣ್ಣ ಭಿನ್ನಾಂಶ ಮಾತ್ರ ಉಳಿಯಬೇಕು. ಏಣಿಯನ್ನು ಬದಲಾಯಿಸಿದಾಗ, ಟೈಲ್ಸ್ ಹೊಸದಾಗಿ ಹಾಕಿದಾಗ ಬಾಂಡಿಂಗ್ ವೈರ್ ಬಿಚ್ಚಿ ಮತ್ತೆ ಜೋಡಿಸದೆ ಹೋಗಿರುವುದುಂಟು, ಅಲ್ಲಿ ಮೊದಲು ನೋಡಿ. ಕರೆಂಟು ಇರುವಾಗ ಏಣಿಗೂ ನೀರಿಗೂ ನಡುವೆ ವೋಲ್ಟೇಜ್ ನೋಡುವುದಾದರೆ ಮೀಟರನ್ನು ಲೋ ಇಂಪೀಡೆನ್ಸ್‌ಗೆ ಹಾಕಿ, ಇಲ್ಲದಿದ್ದರೆ ಇಲ್ಲದ ವೋಲ್ಟೇಜ್ ತೋರಿಸಿ ದಿಕ್ಕು ತಪ್ಪಿಸುತ್ತದೆ.

ಬೀಳುವುದು ಓವರ್‌ಲೋಡ್ ಆದರೆ

ರಿಲೇಯ ಡಯಲ್ ಮೋಟಾರಿನ ನೇಮ್‌ಪ್ಲೇಟ್ ಆಂಪ್‌ಗೆ ಹೊಂದಿದೆಯೇ, ಮೂರು ಫೇಸಿನಲ್ಲೂ ಆಂಪ್ ಹತ್ತಿರ ಹತ್ತಿರ ಇದೆಯೇ, ಓಡುವಾಗ ವೋಲ್ಟೇಜ್ ಎಷ್ಟು, ಈ ಮೂರು ನೋಡಿ. ಮಲೆನಾಡಿನ ಉದ್ದನೆಯ ಲೈನ್‌ಗಳ ಕೊನೆಯಲ್ಲಿ ವೋಲ್ಟೇಜ್ ಕುಸಿದು ಆಂಪ್ ಏರುವುದು ಸಾಮಾನ್ಯ. ಫಿಲ್ಟರ್ ಕಟ್ಟಿಕೊಂಡಿದೆ, ಅದಕ್ಕೇ ಲೋಡ್ ಹೆಚ್ಚಾಗಿದೆ ಎಂಬ ನಂಬಿಕೆ ಮಾತ್ರ ತಪ್ಪು. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರು ಕಡಿಮೆ ಹರಿದರೆ ಆಂಪ್ ಇಳಿಯುತ್ತದೆ. ಆಂಪ್ ಏರಿದ್ದರೆ ಇಂಪೆಲ್ಲರ್‌ಗೆ ಏನೋ ಸಿಕ್ಕಿದೆ ಅಥವಾ ಬೇರಿಂಗ್ ಹಿಡಿದಿದೆ.

ಡೋಸಿಂಗ್ ಇಂಟರ್‌ಲಾಕ್

ಪ್ಯಾನೆಲ್ ಬಿಚ್ಚಿದ ಮೇಲೆ ಇದನ್ನು ನೋಡದೆ ಮುಚ್ಚಬೇಡಿ. ಆರ್‌ಸಿಸಿಬಿ ಬಿದ್ದು ದೊಡ್ಡ ಪಂಪ್ ನಿಂತಾಗ ಡೋಸಿಂಗ್ ಪಂಪ್‌ಗಳೂ ನಿಲ್ಲುತ್ತವೆಯೇ? ಅವಕ್ಕೆ ಬೇರೆ ಸಾಕೆಟ್ಟಿನಿಂದ ಕರೆಂಟು ಕೊಟ್ಟಿದ್ದರೆ ನಿಲ್ಲುವುದಿಲ್ಲ. ಹರಿಯದ ಪೈಪಿನೊಳಗೆ ಸೋಡಿಯಂ ಹೈಪೊಕ್ಲೋರೈಟ್ ಮತ್ತು ಆ್ಯಸಿಡ್ ಎರಡೂ ಸೇರುತ್ತಾ ಹೋಗಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಯಾರೋ ಆರ್‌ಸಿಸಿಬಿ ಎತ್ತಿ ಪಂಪ್ ಚಾಲೂ ಮಾಡಿದ ಕೂಡಲೇ ಅದು ಈಜುವವರ ಮುಖದ ಮುಂದಿನ ಇನ್‌ಲೆಟ್‌ನಿಂದ ಹೊರಬರುತ್ತದೆ. ಬೇರೆ ದೇಶಗಳ ಈಜುಕೊಳಗಳಲ್ಲಿ ಹೀಗೆ ಜನ ಆಸ್ಪತ್ರೆ ಸೇರಿದ ದಾಖಲೆಗಳಿವೆ. ಡೋಸಿಂಗ್ ಪಂಪಿನ ಕರೆಂಟು ಮುಖ್ಯ ಕಾಂಟ್ಯಾಕ್ಟರ್‌ನೊಂದಿಗೇ ತೆರೆದು ಮುಚ್ಚುವ ಆಕ್ಸಿಲರಿ ಕಾಂಟ್ಯಾಕ್ಟ್ ಮೂಲಕ ಹೋಗಬೇಕು, ಅದರೊಂದಿಗೆ ಸರಣಿಯಲ್ಲಿ ಫ್ಲೋ ಸ್ವಿಚ್ ಇರಬೇಕು. ಪಂಪ್ ನಿಲ್ಲಿಸಿ, ಫ್ಲೋ ಸ್ವಿಚ್ ನಿಜಕ್ಕೂ ತೆರೆದುಕೊಂಡಿತೇ ಎಂದು ಮೀಟರ್ ಹಿಡಿದು ನೋಡಿ. ಅದು ಒಳಗೇ ಸಿಕ್ಕಿಹಾಕಿಕೊಂಡು ಸದಾ ಹರಿವು ಇದೆ ಎಂದು ಹೇಳುತ್ತಿರಬಹುದು.

ಮತ್ತೆ ಚಾಲೂ ಮಾಡುವ ಮೊದಲು

ದೋಷ ಸಿಕ್ಕಿತು, ಸರಿಯಾಯಿತು. ಈಗ ಬಿಚ್ಚಿದ ಎಲ್ಲ ವೈರ್ ಫೋಟೊಗೆ ತಾಳೆಯಾಗಿವೆಯೇ ನೋಡಿ, ಮೆಗ್ಗರ್ ಇನ್ನೊಮ್ಮೆ ಮಾಡಿ, ಆರ್‌ಸಿಸಿಬಿ ಟೆಸ್ಟರ್‌ನಿಂದ ಅದು ಬೀಳುವ ಹೊತ್ತನ್ನು ಅಳೆಯಿರಿ. 30 ಮಿಲಿಆಂಪ್‌ಗೆ 300 ಮಿಲಿಸೆಕೆಂಡ್ ಒಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡ್ ಒಳಗೆ ಬೀಳಬೇಕು. ಟಿ ಎಂದು ಬರೆದ ಬಟನ್ ಒತ್ತಿದರೆ ಬೀಳುತ್ತದಲ್ಲ ಎನ್ನಬೇಡಿ. ಆ ಬಟನ್ ಒಳಗಿನ ಯಂತ್ರವನ್ನಷ್ಟೇ ಪರೀಕ್ಷಿಸುತ್ತದೆ, ಅರ್ಥಿಂಗ್ ವೈರ್ ಪೂರ್ತಿ ಕಿತ್ತುಹೋಗಿದ್ದರೂ ಅದು ಬೀಳುತ್ತದೆ. ಮೂರು ಫೇಸಿನ ಪ್ಯಾನೆಲ್‌ನಲ್ಲಿ ನಾಲ್ಕು ಪೋಲ್ ಆರ್‌ಸಿಸಿಬಿಗೆ ನ್ಯೂಟ್ರಲ್ ಕೊಡದಿದ್ದರೆ ಕೆಲವು ಮಾದರಿಗಳಲ್ಲಿ ಬಟನ್ ಕೆಲಸವನ್ನೇ ಮಾಡುವುದಿಲ್ಲ.

ಪಂಪ್, ದೀಪ, ಡೋಸಿಂಗ್ ಎಲ್ಲವನ್ನೂ ಓಡಿಸಿ, ಬೆಳಗಿನ ಗೀಸರ್ ಹೊತ್ತು ಮತ್ತು ರಾತ್ರಿಯ ದೀಪದ ಹೊತ್ತು ಎರಡನ್ನೂ ದಾಟಿಸಿದ ಮೇಲೆ ಕೊಳದ ಬೀಗ ತೆಗೆಯಿರಿ. ಮೆಗ್ಗರ್ ರೀಡಿಂಗ್, ಲೀಕೇಜ್ ಮಿಲಿಆಂಪ್, ಬಾಂಡಿಂಗ್ ಓಮ್, ಆರ್‌ಸಿಸಿಬಿ ಬಿದ್ದ ಮಿಲಿಸೆಕೆಂಡ್, ದಿನಾಂಕ, ಪರೀಕ್ಷಿಸಿದವರ ಪರ್ಮಿಟ್ ಸಂಖ್ಯೆ, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಟಿ ಬಟನ್ ಒತ್ತುವ ತಾರೀಖಿಗೆ ತಿಂಗಳಿಗೊಂದರಂತೆ ಖಾಲಿ ಸಾಲುಗಳನ್ನು ಅದೇ ಹಾಳೆಯ ಕೆಳಗೆ ಬಿಡಿ.